ಶಿರಸಿಯಲ್ಲಿ ಬಂಧಿತವಾದ ದೋಣಿ

ಶಿರಸಿಗೆ ಸಮುದ್ರವಿಲ್ಲ ಎಂಬ ಸಂಗತಿಯನ್ನು ಯಾರೂ ಲಿಖಿತವಾಗಿ ಸರ್ಕಾರದ ಗಮನಕ್ಕೆ ತಂದಿರಲಿಲ್ಲ. ಆದ್ದರಿಂದ, ಕರಾವಳಿಯಲ್ಲಿ ಬಾಡಿಗೆ ಕಟ್ಟಡ ಸಿಗದಿದ್ದಾಗ, ಹಾನಿ ಮಾಡಿದ ಹಡಗುಗಳನ್ನು ಬಂಧಿಸಿಡುವ ನೌಕಾ ದಾವೆಗಳ ವಿಶೇಷ ಕೋಶವನ್ನು ಶಿರಸಿಯಲ್ಲೇ ತೆರೆಯಲಾಯಿತು. ಹಾವೇರಿ ಕಡೆಯ ಶಂಭುಲಿಂಗ ಅಧಿಕಾರಿಯಾಗಿ ಬಂದರು. ಅವರು ಒಮ್ಮೆ ಗೋಕರ್ಣದಲ್ಲಿ ಸಮುದ್ರ ನೋಡಿದ್ದರು. ಆ ಅನುಭವವನ್ನು ಪರಿಗಣಿಸಲಾಗಿತ್ತು.

ಮಾರ್ಚ್ ಬಂದರೂ ಕೋಶ ಒಂದು ಹಡಗನ್ನೂ ಬಂಧಿಸಿರಲಿಲ್ಲ. ವರ್ಷದ ವರದಿಯಲ್ಲಿ ಸೊನ್ನೆ ತುಂಬಿದರೆ ಮೇಲಿನ ಕಚೇರಿಯ ಕಂಪ್ಯೂಟರ್ ಒಪ್ಪುತ್ತಿರಲಿಲ್ಲ. ಕೊನೆಗೆ ಅಡಿಕೆ ಸೊಸೈಟಿಯ ಗೋಡೆಯ ಮೇಲೆ ಪ್ರಕಟಣೆ ಕಾಣಿಸಿತು: "ಯಾವುದೇ ನೌಕೆಯ ಮೇಲೆ ಅಸಮಾಧಾನವುಳ್ಳವರು ಕಚೇರಿ ವೇಳೆಯಲ್ಲಿ ಬಂದು ಅಸಮಾಧಾನಪಡತಕ್ಕದ್ದು."

ಬಂದವರು ನಿಲ್ಕುಂದದ ದಿನಕರ ಹೆಗಡೆ. ಹೊಳೆಯಾಚೆಯಿಂದ ಉಪ್ಪಿನಕಾಯಿಗೆ ಅಪ್ಪೆಮಿಡಿ ಮಾವು ತರುವಾಗ ಅಂಬಿಗ ಕೆರಿಯನ ದೋಣಿ ಬಂಡೆಗೆ ತಾಗಿ, ಹೆಡಿಗೆ ಮಗುಚಿ, ಮಿಡಿಗಳ ತೊಟ್ಟು ಮುರಿದಿತ್ತು. ತೊಟ್ಟು ಮುರಿದರೆ ಸೊನೆ ಹೋಗುತ್ತದೆ. ಸೊನೆ ಹೋದ ಮಿಡಿ ಉಪ್ಪಿನಲ್ಲಿ ಮೆತ್ತಗಾಗುತ್ತದೆ. ನಮ್ಮ ಸೀಮೆಯಲ್ಲಿ ಕಾಲು ಮುರಿದವರನ್ನು ನೋಡಲು ಹೋಗದವರೂ ತೊಟ್ಟು ಮುರಿದ ಮಿಡಿಗೆ ಮರುಗುತ್ತಾರೆ.

"ಸರಕು ಹಾನಿ!" ಶಂಭುಲಿಂಗರಿಗೆ ಸಂತೋಷದಿಂದ ಕಣ್ಣು ತುಂಬಿತು. "ಬರ್ರಿ, ಕೂಡ್ರಿ, ಚಾ ತಗೋರಿ."

"ಆ ಕೆರಿಯನಿಗೆ ಸ್ವಲ್ಪ ಗದರಿಸಿದ್ರೆ ಸಾಕಿತ್ತು ಸಾರ್."

"ಕೆರಿಯಂದೇನೂ ತಪ್ಪಿಲ್ರಿ. ಈ ಕಾನೂನಿನ್ಯಾಗ ಆರೋಪಿ ಅಂದ್ರ ದೋಣಿ."

ನೌಕೆ ಬಂಧಿಸುವ ಅಧಿಕಾರ ಹೈಕೋರ್ಟಿನದು, ಮೇಲಾಗಿ ಹೊಳೆ ಸಮುದ್ರವಲ್ಲ ಎಂದು ಕೋಶದ ವಕೀಲೆ ಶಿಲ್ಪಾ ನೆನಪಿಸಿದರು.

"ಹೊಳಿ ನೀರು ಎಲ್ಲಿಗೆ ಹೋಗ್ತದ್ರಿ ಮೇಡಂ?"

"ಸಮುದ್ರಕ್ಕೆ."

"ಅಂದ್ರ ಪ್ರಕರಣ ದಾರಿಯೊಳಗ ಅದ. ಹೈಕೋರ್ಟಿನವರು ಬ್ಯಾಡ ಅನ್ನೂತನಕ ಹಿಡಕೊಂಡಿರೋಣ."

ದೋಣಿ ಲಾರಿಯಲ್ಲಿ ಶಿರಸಿಗೆ ಬಂತು. ಬಂಧನದ ಆದೇಶವನ್ನು ಹಡಗಿನ ಕಂಬಕ್ಕೆ ಅಂಟಿಸಬೇಕಿತ್ತು; ಕಂಬವಿರಲಿಲ್ಲವಾಗಿ ಕೆರಿಯನ ಹುಟ್ಟಿಗೆ ಅಂಟಿಸಿದರು. ಬಂಧಿತ ನೌಕೆ ತೇಲುತ್ತಿರತಕ್ಕದ್ದು ಎಂಬ ನಿಯಮ ಅದೇ ಮಧ್ಯಾಹ್ನ ಜಾರಿಗೆ ಬಂತು. ಜೆಸಿಬಿ ತರಿಸಿ ಗೇಟಿನಿಂದ ಮೆಟ್ಟಿಲಿನವರೆಗೆ ಕಚೇರಿಯ ಅಂಗಳ ಅಗೆಸಿ, ಟ್ಯಾಂಕರ್ ನೀರು ತುಂಬಿಸಿ ದೋಣಿಯನ್ನು ತೇಲಿಬಿಡಲಾಯಿತು. ನಾವಿಕ ಹಡಗು ಬಿಟ್ಟು ಹೋಗಬಾರದೆಂದು ಕೆರಿಯನನ್ನೂ ಅದರಲ್ಲೇ ಕೂರಿಸಿದರು.

"ಮಳೆ ಹಿಡಿಯೂದ್ರೊಳಗೆ ಬಿಡಿ ಸಾಹೇಬ್ರೆ," ಎಂದು ಕೆರಿಯ ಕೈ ಮುಗಿದ. "ಹೊಳೆ ತುಂಬಿದ್ರೆ ಆಚೆ ಕೇರಿ ಮಕ್ಳು ಶಾಲೆಗೆ ಬರೂದು ಹ್ಯಾಂಗೆ?"

ಶಂಭುಲಿಂಗರಿಗೆ ನಿಜವಾಗಿಯೂ ಕನಿಕರವಾಯಿತು. ಕನಿಕರಕ್ಕೆ ಕಾಲಂ ಇರಲಿಲ್ಲ.

ದಿನಕರ ಹೆಗಡೆಯವರಿಗೂ ರಾತ್ರಿ ನಿದ್ದೆ ಬರಲಿಲ್ಲ. ದೂರು ಹಿಂತೆಗೆಯಲು ಬಂದರೆ ಗೇಟಿನಲ್ಲೇ ನೀರು. ಕೆರಿಯನೇ ದಾಟಿಸಿದ.

"ತಪ್ಪಾಯ್ತೋ ಮಾರಾಯ. ಒಂದು ವರ್ಷ ಉಪ್ಪಿನಕಾಯಿ ಇಲ್ದೆ ಉಣ್ಣಬಹುದಾಗಿತ್ತು," ಎಂದರು ಹೆಗಡೆಯವರು. ಈ ಸೀಮೆಯವರ ಬಾಯಲ್ಲಿ ಇದಕ್ಕಿಂತ ದೊಡ್ಡ ಪಶ್ಚಾತ್ತಾಪವಿಲ್ಲ.

ಶಂಭುಲಿಂಗರು ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ನೋಡಿದ್ದರು. "ದೋಣಿ ಬಿಡಬಹುದ್ರಿ. ಆದ್ರ ಬಿಟ್ಟ ಮ್ಯಾಲೆ ನೀವು ಗೇಟಿಗೆ ವಾಪಸ್ ಹೋಗೂದು ಹ್ಯಾಂಗ? ನಾಳೆ ಸಾರ್ವಜನಿಕರು ಬರೂದು ಹ್ಯಾಂಗ?"

ಹೆಗಡೆಯವರು ಒಮ್ಮೆ ನೀರು ನೋಡಿದರು, ಒಮ್ಮೆ ಗೇಟು ನೋಡಿದರು. "ಅದೂ ಹೌದು," ಎಂದರು. ದೋಣಿಯನ್ನು ಅಗತ್ಯ ಸೇವೆ ಎಂದು ಘೋಷಿಸಲಾಯಿತು.

ಮಳೆ ಹಿಡಿಯಿತು, ಹೊಳೆ ತುಂಬಿತು. ಆಚೆ ಕೇರಿಯಿಂದ ಶಿರಸಿಗೆ ಬಸ್ಸುಂಟು, ಈಚೆ ದಡದ ಶಾಲೆಗೆ ದಾರಿಯಿಲ್ಲ. ತಾಯಂದಿರು ಬಸ್ಸಿನಲ್ಲಿ ಬಂದು, ಕೆರಿಯನ ದೋಣಿಯಲ್ಲಿ ದಾಟಿ, ದೋಣಿ ಬೇಕೆಂದು ಅರ್ಜಿ ಕೊಟ್ಟರು. ಉತ್ತರ ಕೂಡಲೇ ಸಿಕ್ಕಿತು: "ನಿಮ್ಮ ಭಾಗದ ದೋಣಿ ಶಿರಸಿಯಲ್ಲಿ ಸುಸ್ಥಿತಿಯಲ್ಲಿದೆ. ದಾಟಬೇಕಾದ ಮಕ್ಕಳು ಇಲ್ಲಿಗೆ ಬಂದು ದಾಟತಕ್ಕದ್ದು."

"ದಾಟಿದ ಮೇಲೆ ಶಾಲೆ ಎಲ್ಲಿ ಅದೆ ಸಾಹೇಬ್ರೆ?" ಎಂದು ಒಬ್ಬಾಕೆ ಕೇಳಿದಳು.

"ದಾಟಸೂದು ನಮ್ಮ ಕೆಲಸ. ಶಾಲಿ ಬ್ಯಾರೆ ಇಲಾಖೆ."

ಈಗ ಮಕ್ಕಳು ದಿನಾ ಬೆಳಿಗ್ಗೆ ಪಾಟಿಚೀಲ ಹಾಕಿಕೊಂಡು ಬಸ್ಸಿನಲ್ಲಿ ಬರುತ್ತವೆ. ಕೆರಿಯ ಒಂದೊಂದನ್ನೇ ಕೈ ಹಿಡಿದು ಹತ್ತಿಸಿಕೊಂಡು ಜೋಪಾನವಾಗಿ ದಾಟಿಸುತ್ತಾನೆ. ಮಕ್ಕಳು ಮೆಟ್ಟಿಲ ಮೇಲೆ ಕೂತು ಬುತ್ತಿ ಉಂಡು, ಮಗ್ಗಿ ಹೇಳಿ, ಬಸ್ಸಿನ ಹೊತ್ತಿಗೆ ಮತ್ತೆ ಗೇಟಿಗೆ ದಾಟುತ್ತವೆ. ಶಾಲೆಯವರಿಗೂ ಸಮಾಧಾನವಾಗಿದೆ, ಮಕ್ಕಳು ದಾಟಿದ್ದಾರೆಂದು ಕೋಶದಿಂದ ಅವರಿಗೆ ದಿನವೂ ಖಾತ್ರಿ ಬರುತ್ತಿದೆ.