ಒಳಗೆ ನಾಲ್ಕು, ಹೊರಗೆ ಒಂದು

ನಮ್ಮ ಬಾಪ್ಪು ಮನುಷ್ಯರನ್ನು ನೋಡುವುದೇ ಇಲ್ಲ, ಎಣಿಸುತ್ತಾರೆ! ಬಾಪ್ಪು ಎಂದರೆ ಅಪ್ಪನ ತಮ್ಮ. ಮದುವೆಯಾಗದೆ ಬಿಕರ್ನಕಟ್ಟೆಯ ನಮ್ಮ ಮನೆಯಲ್ಲೇ ಉಳಿದವರು. ಜೈಲಿನ ಕಚೇರಿಯಲ್ಲಿ ಗುಮಾಸ್ತರು. ಸಜಾ ಆದವರು ಎಷ್ಟು, ವಿಚಾರಣೆಯಲ್ಲಿರುವವರು ಎಷ್ಟು, ಕೋರ್ಟಿಗೋ ಆಸ್ಪತ್ರೆಗೋ ಹೋದವರು ಎಷ್ಟು ಎಂದು ದಿನಾ ಬೆಳಗ್ಗೆ ಮೇಲಿನವರಿಗೆ ವರದಿ ಕಳಿಸುವುದು ಅವರ ಕೆಲಸ. ಅವರ ಲೆಕ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅದರಲ್ಲಿ ನಾನು ಇದ್ದೇನೋ ಇಲ್ಲವೋ ಎಂಬ ಗೊಂದಲವಂತೂ ಆರು ವರ್ಷ ಕಾಡಿತು.

ಈ ಚಟ ಕಚೇರಿಯಲ್ಲೇ ನಿಂತಿದ್ದರೆ ಯಾರಿಗೇನು ತೊಂದರೆ? ಸಂಬಂಧಿಕರ ಮದುವೆಯೊಂದರಲ್ಲಿ ಊಟಕ್ಕೆ ಎಷ್ಟು ಜನ ಎಂದು ಅಡುಗೆಯವರು ಕೇಳಿದರು. ಬಾಪ್ಪು ಹಾಲ್ ತುಂಬ ಕಣ್ಣಾಡಿಸಿ, "ಸಜಾ ಆದವರು ಇನ್ನೂರ ಹತ್ತು, ವಿಚಾರಣೆಯಲ್ಲಿ ಇರುವವರು ತೊಂಬತ್ತು" ಎಂದರು. ಅಡುಗೆಯವರು ಕಕ್ಕಾಬಿಕ್ಕಿ. ಮದುವೆಯಾದವರು, ಆಗದವರು ಎಂದು ನಾನೇ ಬಿಡಿಸಿ ಹೇಳಬೇಕಾಯಿತು. "ನೀವು ಯಾವ ಪಟ್ಟಿಯಲ್ಲಿ?" ಎಂದು ಕೇಳಿದೆ.

"ನನ್ನದು ನಿರೀಕ್ಷಣಾ ಜಾಮೀನು."

ಪಣಂಬೂರು ಬೀಚಿಗೆ ಬಸ್ಸು ಮಾಡಿಕೊಂಡು ಹೋದಾಗ ಇನ್ನೂ ಫಜೀತಿ. ವಾಪಸ್ ಬರುವಾಗ ಬಾಪ್ಪು, "ನಲವತ್ತು, ಸರಿ ಉಂಟು, ಬಿಡಿ" ಎಂದರು. ಅರ್ಧ ದಾರಿ ಬಂದು ನೋಡಿದರೆ ನನ್ನ ತಮ್ಮನೇ ಇಲ್ಲ!

"ಎಂತ ಬಾಪ್ಪು ಇದು?"

"ಅವ ಚರುಂಬುರಿ ತರ್ಲಿಕ್ಕೆ ಹೋದದ್ದು. ಹೊರಗೆ ಹೋದವ ಲೆಕ್ಕದಲ್ಲಿ ಇರ್ತಾನೆ ಮಾರಾಯ್ತಿ. ಬಿಡುಗಡೆ ಚೀಟಿ ಬಂದ್ರೆ ಮಾತ್ರ ಹೆಸರು ತೆಗೆಯುವುದು."

ಮುಂದೆ ನಾನು ಅಪ್ಪನ ಮಾತು ಮೀರಿ ಮದುವೆಯಾಗಿ ಶಕ್ತಿನಗರಕ್ಕೆ ಹೋದೆ. ಹತ್ತು ನಿಮಿಷದ ದಾರಿ. ಆರು ವರ್ಷ ಆ ಕಡೆ ಮುಖ ಹಾಕಲಿಲ್ಲ. ಇಂಥವಳೊಬ್ಬಳು ನಮ್ಮ ಮನೆಯಲ್ಲಿ ಇರಲೇ ಇಲ್ಲ ಎಂದು ಅಪ್ಪ ಹೇಳಿದ್ದರಂತೆ. ಕಳೆದ ವಾರ ಅಮ್ಮನಿಗೆ ಜ್ವರವೆಂದು ಕೇಳಿ ತಡೆಯಲಾಗದೆ ಸಂಜೆ ಹೊರಟೆ. ಆದರೆ ಜಗಲಿ ದಾಟಲು ಕಾಲು ಬರಲಿಲ್ಲ. ಒಳಗೆ ಪ್ರಾರ್ಥನೆಗೆ ಕೂರುವ ಮೊದಲು ಬಾಪ್ಪು ಎಂದಿನಂತೆ ಎಣಿಸುತ್ತಿದ್ದರು.

"ಒಳಗೆ ನಾಲ್ಕು, ಹೊರಗೆ ಒಂದು. ಒಟ್ಟು ಐದು."

"ಎಷ್ಟು ಸಲ ಹೇಳುವುದು ನಿನಗೆ? ನಾಲ್ಕೇ" ಎಂದರು ಅಪ್ಪ.

"ಹಾಗಾದ್ರೆ ಬಿಡುಗಡೆ ಚೀಟಿಗೆ ಸಹಿ ಹಾಕಿ ಕೊಡು. ಆರು ವರ್ಷದಿಂದ ಕೇಳ್ತಾ ಇದ್ದೇನೆ."

ಅಪ್ಪ ತಲೆ ತಗ್ಗಿಸಿ ಪ್ರಾರ್ಥನೆಯ ಪುಸ್ತಕ ಬಿಡಿಸಿದರು. ತಲೆ ಎತ್ತಿದಾಗ, ಜಗಲಿ ದಾಟಿ ಬಂದ ನಾನು ಬಾಗಿಲಲ್ಲಿದ್ದೆ. ನನಗೆ ಅಳು ತಡೆಯಲಾಗಲಿಲ್ಲ. ಅಪ್ಪ ಪುಸ್ತಕ ಮುಚ್ಚಿದರು. ಆಮೇಲೆ ಬಾಪ್ಪುವಿನ ಕಡೆ ತಿರುಗಿ, "ನಿನ್ನ ಲೆಕ್ಕ ತಪ್ಪಿದೆ ಮಾರಾಯ. ಒಳಗೆ ಐದು" ಎಂದರು.