ನಿಕಾನೊರನ ಗಿನಿಪಿಗ್ ಪಾಂಡಿತ್ಯ

“ಈ ಅಡುಗೆಮನೆಯಲ್ಲಿ ಬಾಯಿ ಬಿಡೋ ಪ್ರತಿಯೊಂದು ಜೀವದ ಭಾಷೆಯೂ ನನಗೆ ಬರುತ್ತೆ!” ಎಂದು ನಿಕಾನೊರ್ ಒಲೆಯ ಪಕ್ಕ ಕೂತು ಆಲೂಗೆಡ್ಡೆ ಸಾರು ಸೊರ್ರನೆ ಹೀರುತ್ತಾ ಘೋಷಿಸಿದ.

“ನನ್ನದೂ ಬರುತ್ತಾ?” ಎಂದಳು ಹೆಂಡತಿ ಬ್ರಿಹಿದಾ. “ನಿನ್ನೆಯಿಂದ ಸೌದೆ, ಸೌದೆ ಅಂತ ಬಡ್ಕೋತಿದ್ದೀನಲ್ಲ, ಅದರ ಅರ್ಥ ಏನು ಹೇಳು ನೋಡೋಣ!”

ನಿಕಾನೊರ್ ಹೇಳಿದ್ದು ಗಿನಿಪಿಗ್‌ಗಳ ಭಾಷೆ. ಆ ಬೆಟ್ಟದೂರಿನಲ್ಲಿ ಅವು ಒಲೆಯ ಸುತ್ತಲೇ ಹುಟ್ಟಿ, ಒಲೆಯ ಸುತ್ತಲೇ ಬೆಳೆದು, ಹಬ್ಬ ಬಂದಾಗ ಒಲೆಯ ಮೇಲೆಯೇ ಹೋಗುತ್ತವೆ. ಕಳೆದ ಹಬ್ಬದೂಟದಲ್ಲಿ ಪಕ್ಕದ ಮನೆಯವನು ನಿಕಾನೊರನ ತಟ್ಟೆಯಲ್ಲಿ ಹುರಿದಿಟ್ಟ ಗಿನಿಪಿಗ್ಗನ್ನು ಅತ್ತಿತ್ತ ತಿರುಗಿಸಿ, “ಇದು ಇಲಿಯಾ?” ಎಂದು ಕೇಳಿಬಿಟ್ಟಿದ್ದ. ಇಲಿಯಂತೆ ಇಲಿ! ಆ ಮಾತು ಇವನ ಎದೆಯಲ್ಲಿ ಇನ್ನೂ ಉರಿಯುತ್ತಿತ್ತು.

ಉರಿ ಆರಬೇಕಾದರೆ ಅತ್ತೆ ಸೆಬಾಸ್ತಿಯಾನಾ ತಳಿಗೆಂದು ಸಾಕಿದ ಕೆಂಪು ಗಂಡು ಗಿನಿಪಿಗ್ ಮನೆಗೆ ಬರಬೇಕು. ಅದರ ಮರಿಗಳೆಂದರೆ ಒಂದೊಂದೂ ಬೆಕ್ಕಿನ ಗಾತ್ರ! ಆದರೆ ಹಿಂದೊಮ್ಮೆ ಹಿರಿಯಳಿಯನಿಗೆ ಇಂಥದ್ದೇ ಗಂಡನ್ನು ಕೊಟ್ಟಾಗ ಅವನು ಅದನ್ನು ತನ್ನ ಹುಟ್ಟುಹಬ್ಬಕ್ಕೆ ಹುರಿದು ತಿಂದಿದ್ದ. ಅಂದಿನಿಂದ ಅತ್ತೆ ಹುಷಾರು. ನಿಕಾನೊರ್ ಕೇಳಿದಾಗ ಅವಳು ಷರತ್ತು ಹಾಕಿದಳು:

“ಭಾನುವಾರ ಬರ್ತೀನಿ ಅಳಿಯಾ. ನೀನು ಅಡುಗೆಮನೆಗೆ ಕಾಲಿಟ್ಟಾಗ ಅವು ಸೀಟಿ ಹಾಕಿದ್ರೆ ನನ್ನ ಗಂಡು ನಿನಗೆ. ಮೇವು ಹಾಕೋ ಕೈ ಕಂಡ್ರೆ ತಾನೇ ಅವು ಸೀಟಿ ಹಾಕೋದು!”

ಮರುದಿನವೇ ನಿಕಾನೊರ್ ಗಂಭೀರವಾಗಿ ಅಡುಗೆಮನೆ ಪ್ರವೇಶಿಸಿದ. ಸೀಟಿಯೂ ಇಲ್ಲ, ಪೀಪಿಯೂ ಇಲ್ಲ. ಎಲ್ಲವೂ ಕಲ್ಲಾಗಿ ಕೂತುಬಿಟ್ಟವು.

“ಕೃತಘ್ನರು!” ಅವನಿಗೆ ಪಿತ್ತ ನೆತ್ತಿಗೇರಿತು. “ಈ ಗೋಡೆ ಕಟ್ಟಿದ್ದು ಯಾರು? ಈ ಸೂರು ಹಾಕಿದ್ದು ಯಾರು?”

ಮೂಲೆಯ ಬೂದು ಗಂಡೊಂದು ಹಲ್ಲು ಕಟಕಟ ಎನ್ನಿಸಿತು.

“ನೋಡಿದ್ಯಾ! ನನ್ನ ಕಂಡ ಸಂತೋಷಕ್ಕೆ ಹಲ್ಲು ಕಟಕಟಾಯಿಸ್ತಿದೆ!”

“ಅದು ಸಿಟ್ಟು ಮಾರಾಯ. ಹತ್ರ ಬಂದ್ರೆ ಕಚ್ತೀನಿ ಅಂತಿದೆ” ಎಂದಳು ಒಲೆ ಊದುತ್ತಿದ್ದ ಬ್ರಿಹಿದಾ.

ಇನ್ನೊಂದು ಗಂಡು ಗುರ್ರ್ ಎಂದು ಗುನುಗುತ್ತಾ ಸೊಂಟ ಅತ್ತಿತ್ತ ತೂಗುತ್ತಾ ಸುತ್ತತೊಡಗಿತು. “ಅಯ್ಯೋ, ಹೊಟ್ಟೆನೋವು! ಬೇಗ ಪುದೀನ ಕಷಾಯ ಮಾಡೇ!”

“ಅದು ಹೆಣ್ಣಿನ ಹಿಂದೆ ಬಿದ್ದಿದೆ. ಮದುವೆಗೆ ಮುಂಚೆ ನೀನೂ ಹಾಗೇ ಗುನುಗ್ತಾ ಸೊಂಟ ಕುಣಿಸ್ಕೊಂಡು ಬರ್ತಿದ್ದೆ. ಆಗ ನಾನೇನು ಕಷಾಯ ಕೊಟ್ನಾ?”

ಹೀಗೆಂದು ಹೊರಗೆ ಹೋದ ಬ್ರಿಹಿದಾ ಮರಳಿ ಬರುವಾಗ ಇನ್ನೂ ಹೊಸ್ತಿಲು ದಾಟಿರಲಿಲ್ಲ. ಅವಳ ದಪ್ಪ ಉಣ್ಣೆಯ ಲಂಗ ಸರಸರ ಎಂದದ್ದೇ ತಡ, ಇಡೀ ಅಡುಗೆಮನೆ ಕುಯ್ಯ್, ಕುಯ್ಯ್ ಎಂದು ಸೀಟಿ ಹೊಡೆಯಿತು. ಮಹಾಪಂಡಿತನ ತಲೆಯಲ್ಲಿ ದೀಪ ಹೊತ್ತಿತು. ಓಹೋ, ಲಂಗ!

ನಾಲ್ಕು ಹಿಡಿ ಕುದುರೆಮಸಾಲೆ ಸೊಪ್ಪು ಹಾಕಿದ್ದರೆ ಸಾಕಿತ್ತಲ್ಲ ಎಂದು ನೀವು ಕೇಳಬಹುದು. ಕೊರೆಯುವ ಚಳಿಯಲ್ಲಿ ಎದ್ದು ಸೊಪ್ಪು ಕೊಯ್ಯುವುದು ಪಂಡಿತರು ಮಾಡುವ ಕೆಲಸವೇ? ಹೆಂಡತಿ ಸಂತೆಗೆ ಹೋದಾಗ ಅವನು ಅವಳ ಇನ್ನೊಂದು ಉಣ್ಣೆ ಲಂಗ ಸುತ್ತಿಕೊಂಡು ನಡೆದು ನೋಡಿದ. ಎಂಥ ಸೀಟಿ! ಹೆಮ್ಮೆಯಿಂದ ಅವನ ಕಣ್ಣು ತುಂಬಿ ಬಂತು.

ಭಾನುವಾರ ಅತ್ತೆ ಕೆಂಪು ಗಂಡನ್ನು ಶಾಲಿನ ಗಂಟಿನಲ್ಲಿ ಬೆನ್ನಿಗೆ ಕಟ್ಟಿಕೊಂಡು ಬಂದು ಒಲೆಯ ಮುಂದೆ ಕೂತಳು. ನಿಕಾನೊರ್ ಮೊಣಕಾಲಿನವರೆಗೆ ಇಳಿದ ಪೊಂಚೊ ಕಂಬಳಿ ಹೊದ್ದು, ಅದರೊಳಗೆ ಲಂಗವನ್ನು ಮೇಲೆತ್ತಿ ಕಟ್ಟಿಕೊಂಡು, ರಾಜಗಾಂಭೀರ್ಯದಿಂದ ಒಳಗೆ ಬಂದ. ಸರಸರ! ಕುಯ್ಯ್! ಕುಯ್ಯ್!

“ಭಲೇ ಅಳಿಯಾ!” ಅತ್ತೆ ಗಂಟು ಬಿಚ್ಚಿದಳು.

ಆದರೆ ಸೀಟಿ ಹಾಕಿದವಕ್ಕೆ ಸೊಪ್ಪೆಲ್ಲಿ? ಅವು ಅವನ ಕಾಲಿಗೆ ಮುತ್ತಿಕೊಂಡು, ಇನ್ನೂ ಜೋರಾಗಿ ಕಿರುಚಿದವು. ಒಂದಂತೂ ಅವನ ಹೆಬ್ಬೆರಳನ್ನೇ ಸೊಪ್ಪೆಂದುಕೊಂಡು ಕಚ್ಚಿತು. “ಅಮ್ಮಾ!” ಎಂದು ಅವನು ಹಾರಿದ, ಲಾಡಿ ಸಡಿಲಿತು, ಲಂಗ ಗಿನಿಪಿಗ್‌ಗಳ ಮೇಲೆ ದೊಪ್ಪನೆ ಬಿತ್ತು. ಅದರಡಿಯಿಂದಲೂ ಸೀಟಿಯೋ ಸೀಟಿ!

ಅತ್ತೆ ಲಂಗವನ್ನು ನೋಡಿದಳು. “ಬ್ರಿಹಿದಾ, ಇದು ನಿನ್ನ ಮದುವೆಗೆ ನಾನು ನೇಯ್ದು ಕೊಟ್ಟಿದ್ದಲ್ವೇನೇ?”

“ಹೂಂ ಅಮ್ಮಾ.” ಬ್ರಿಹಿದಾ ನಗು ತಡೆಯಲಾರದೆ ಗೋಡೆ ಹಿಡಿದುಕೊಂಡಿದ್ದಳು.

“ಚಳಿ ಅತ್ತೆ, ಚಳಿ!” ನಿಕಾನೊರ್ ಕೆರಳಿದ. “ಮಾತಂದ್ರೆ ಮಾತು! ಕಾಲಿಟ್ಟಿದ್ದು ನಾನು, ಸೀಟಿ ಬಿದ್ದಿದ್ದು ನನಗೆ, ಗಂಡು ನನ್ನದು!”

“ಆಯ್ತಪ್ಪಾ, ಅದನ್ನೇ ಕೇಳೋಣ.” ಅತ್ತೆ ಕೆಂಪು ಗಂಡನ್ನು ಅವನ ಮುಖದ ಮುಂದೆ ಹಿಡಿದಳು. ಅದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹಲ್ಲು ಕಟಕಟ ಕಡಿಯಿತು.

“ಏನಂತೆ ಅಳಿಯಾ? ಭಾಷೆ ಬರುತ್ತಲ್ಲ ನಿನಗೆ?”

ಅತ್ತೆ ಗಂಡನ್ನು ಮಗಳ ಮಡಿಲಿಗೆ ಹಾಕಿದಳು. ನಿಕಾನೊರ್ ಗೋಡೆಗೆ ಸಿಕ್ಕಿಸಿದ್ದ ಕುಡುಗೋಲು ಎಳೆದುಕೊಂಡು ಸೊಪ್ಪಿನ ಹೊಲದ ಕಡೆ ದುಮುದುಮು ನಡೆದ.

“ಬರುವಾಗ ಹಾಗೇ ಸೌದೆ!” ಹಿಂದಿನಿಂದ ಬ್ರಿಹಿದಾ ಕೂಗಿದಳು. “ಅರ್ಥ ಆಯ್ತಾ?”

“ಆಯ್ತು!” ಎಂದ ಪಂಡಿತ.