ಇಲ್ಲದ ಐಸ್ ಫ್ಯಾಕ್ಟರಿಯ ಹಿಂದೆ

ಮಂಗಳೂರಿನಲ್ಲಿ ಹುಟ್ಟಿ, ಮಂಗಳೂರಿನಲ್ಲೇ ಓದಿ, ಮಂಗಳೂರಿನ ಬೆವರನ್ನು ಐವತ್ತನಾಲ್ಕು ವರ್ಷ ಒರೆಸಿಕೊಂಡ ನನಗೆ ಈ ಊರನ್ನು ಎರಡು ದಿನದಲ್ಲಿ ಒಬ್ಬರಿಗೆ ತೋರಿಸುವುದು ಯಾವ ಮಹಾ ಕೆಲಸ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಆ ನಂಬಿಕೆ ಶನಿವಾರ ಬೆಳಿಗ್ಗೆ ಹತ್ತು ಗಂಟೆಯವರೆಗೆ ಆರೋಗ್ಯವಾಗಿಯೇ ಇತ್ತು.

ತೋರಿಸಬೇಕಾಗಿದ್ದದ್ದು ನಮ್ಮವರ ಅಕ್ಕನಿಗೆ. ಶಾರದತ್ತಿಗೆ ಮೈಸೂರಿನವರು, ನಿವೃತ್ತ ಮುಖ್ಯೋಪಾಧ್ಯಾಯಿನಿ, ಮದುವೆಯ ಗೊಡವೆಗೆ ಹೋಗದ ಒಂಟಿ ಜೀವ. ನಮ್ಮವರು ಬ್ಯಾಂಕಿನ ವರ್ಗಾವಣೆಯ ಮೇಲೆ ಮೂರು ವರ್ಷಕ್ಕೆಂದು ಮಂಗಳೂರಿಗೆ ಬಂದು, ನನ್ನನ್ನು ಮದುವೆಯಾಗಿ, ಇಲ್ಲೇ ಬೇರು ಬಿಟ್ಟವರು. ಅತ್ತಿಗೆ ಅದನ್ನು ಇವತ್ತಿಗೂ ವರ್ಗಾವಣೆ ಎಂದೇ ಪರಿಗಣಿಸಿದ್ದಾರೆ. ಬರುವ ಮಾರ್ಚಿಗೆ ನಮ್ಮವರಿಗೆ ನಿವೃತ್ತಿ. ಇನ್ನಾದರೂ ಮೈಸೂರಿಗೆ ಬಂದು ನನ್ನ ಪಕ್ಕದಲ್ಲಿರು ಎಂದು ಅವರು ವಾರಕ್ಕೆರಡು ಸಲ ಫೋನು ಮಾಡುತ್ತಿದ್ದರು. ನಮ್ಮವರು ಅಕ್ಕನಿಗೆ "ಹೂಂ" ಎನ್ನುತ್ತಿದ್ದರು, ನನಗೆ "ನೋಡೋಣ" ಎನ್ನುತ್ತಿದ್ದರು. ಒಂದು ಹೂಂ ಮತ್ತು ಒಂದು ನೋಡೋಣ ಸೇರಿದರೆ ಮನೆ ಮುಂದೆ ಲಾರಿ ಬಂದು ನಿಲ್ಲುವುದೊಂದೇ ಬಾಕಿ.

ನನಗೋ ಈ ಊರು ಬಿಟ್ಟರೆ ಉಸಿರು ಕಟ್ಟುತ್ತದೆ. ಬೆಳಿಗ್ಗೆ ಕದ್ರಿ ಪಾರ್ಕಿಗೆ ಒಂದು ಸುತ್ತು ಹಾಕಿ, ಗೆಳತಿಯರ ಜೊತೆ ತುಳುವಿನಲ್ಲಿ ನಾಲ್ಕು ಜನರನ್ನು ಆಡಿಕೊಳ್ಳದಿದ್ದರೆ ನನಗೆ ತಿಂಡಿ ಸೇರುವುದಿಲ್ಲ. ಮೈಸೂರಿನಲ್ಲಿ ತುಳುವಿನಲ್ಲಿ ಆಡಿಕೊಂಡರೆ ಕೇಳುವವರು ಯಾರು? ಆದ್ದರಿಂದ ನಾನೇ ಅತ್ತಿಗೆಗೆ ಫೋನು ಮಾಡಿ ಪಂಥ ಕಟ್ಟಿದೆ. ಒಂದು ಶನಿವಾರ, ಒಂದು ಭಾನುವಾರ ಬನ್ನಿ. ಕಲೆ, ತಿಂಡಿ, ಚರಿತ್ರೆ ಎಲ್ಲ ತೋರಿಸುತ್ತೇನೆ. ನೋಡಿದ ಮೇಲೂ ನಿಮ್ಮ ತಮ್ಮ ಮೈಸೂರಿಗೇ ಬರಬೇಕು ಎನಿಸಿದರೆ ನಾನು ತುಟಿ ಪಿಟಕ್ಕೆನ್ನದೆ ಪಾತ್ರೆ ಕಟ್ಟುತ್ತೇನೆ. ಅತ್ತಿಗೆ ಮರುದಿನವೇ ಟಿಕೆಟ್ ಮಾಡಿಸಿದರು.

ಶನಿವಾರ ಮೊದಲು ಗುಡ್ಡದ ಮೇಲಿನ ಚಾಪೆಲ್ಲಿಗೆ ಹೋದೆವು. ಗೋಡೆಯಿಂದ ಮಾಡಿನವರೆಗೆ ಚಿತ್ರಗಳೇ ತುಂಬಿರುವ ಆ ಚಾಪೆಲ್ಲನ್ನು ನಾನು ಕೊನೆಯ ಸಲ ನೋಡಿದ್ದು ನಾಲ್ಕನೇ ಕ್ಲಾಸಿನಲ್ಲಿ, ಅದೂ ಮುಂದಿನವಳ ಜಡೆ ಹಿಡಿದುಕೊಂಡು ಸಾಲಿನಲ್ಲಿ ನಡೆಯುತ್ತಾ. ಊರಿನವರ ಹಣೆಬರಹವೇ ಅಷ್ಟು. ನಾಳೆ ನೋಡಿದರಾಯಿತು ಎನ್ನುತ್ತಲೇ ಮುದುಕರಾಗುತ್ತೇವೆ. ಆದರೆ ಅತ್ತಿಗೆ ಕತ್ತೆತ್ತಿ, ಇದನ್ನು ಬರೆದವರು ಯಾರು ಎಂದು ಕೇಳಿದಾಗ ಗೊತ್ತಿಲ್ಲ ಎನ್ನಲು ನನ್ನ ಅಭಿಮಾನ ಬಿಡಲಿಲ್ಲ. ಪೋರ್ಚುಗೀಸರು ಎಂದೆ. ಹಡಗಿನಲ್ಲಿ ಬಣ್ಣ ತಂದಿದ್ದರು ಎಂದೂ ಸೇರಿಸಿದೆ. ಅತ್ತಿಗೆ ಕನ್ನಡಕ ಏರಿಸಿ ಅಲ್ಲಿದ್ದ ಬರಹವನ್ನು ನಿಧಾನವಾಗಿ ಓದಿ, ಇಟಲಿಯಿಂದ ಬಂದ ಒಬ್ಬರೇ ಬರೆದದ್ದಂತೆ ಎಂದು ನನಗೇ ಪಾಠ ಮಾಡಿದರು. ಮೂವತ್ತೈದು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ ಅದು.

ಅಲ್ಲಿ ಹೋದ ಮಾನವನ್ನು ಚರಿತ್ರೆಯಲ್ಲಿ ಹಿಂದಕ್ಕೆ ತರುತ್ತೇನೆಂದು ನಡು ಮಧ್ಯಾಹ್ನ ಸುಲ್ತಾನ್ ಬತ್ತೇರಿಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಟಿಪ್ಪು ಸುಲ್ತಾನನ ಕೋಟೆ, ಕೋಟೆ ಎಂದು ವರ್ಣಿಸಿದ್ದೆ. ಕರಿಕಲ್ಲಿನ ಮೆಟ್ಟಿಲು ಹತ್ತಿ ಮೇಲೆ ನಿಂತೆವು. ನೆತ್ತಿ ಸುಡುತ್ತಿತ್ತು. ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು ಸುತ್ತಲೂ ನೋಡಿದರು.

"ಕೋಟೆ ಎಲ್ಲಮ್ಮಾ ಜಯಂತಿ?"

"ನಾವು ಅದರ ಮೇಲೇ ನಿಂತಿದ್ದೇವೆ ಅತ್ತಿಗೆ."

ಅದು ಹಡಗು ಕಾಯಲು ಕಟ್ಟಿದ ಬುರುಜು, ಅಷ್ಟೇ. ಅತ್ತಿಗೆ ಹೆಜ್ಜೆ ಎಣಿಸುತ್ತಾ ಅದರ ಮೇಲೆ ಒಂದು ಸುತ್ತು ಹಾಕಿದರು. ಆಮೇಲೆ, ನಮ್ಮ ಅರಮನೆಯಲ್ಲಿ ಚಪ್ಪಲಿ ಬಿಡೋ ಜಾಗ ಇದಕ್ಕಿಂತ ದೊಡ್ಡದು ಎಂದರು. ನಮ್ಮವರು ಕೆಮ್ಮಿದರು. ಆ ಕೆಮ್ಮಿನಲ್ಲಿ ನನಗೆ ಲಾರಿಯ ಸದ್ದು ಕೇಳಿಸಿತು.

ತಿಂಡಿಯೂ ಕೈಕೊಟ್ಟಿತು. ನಾನು ಕಾಲೇಜು ದಿನಗಳಲ್ಲಿ ಗೋಳಿಬಜೆ ತಿನ್ನುತ್ತಿದ್ದ ಹೋಟೆಲನ್ನು ಹುಡುಕಿಕೊಂಡು ಹೋದರೆ ಅಲ್ಲಿ ಮೊಬೈಲ್ ಅಂಗಡಿ. ಮನೆಗೆ ಬಂದು ನಾನೇ ಕರಿದ ಗೋಳಿಬಜೆ ಎಷ್ಟು ಗಟ್ಟಿಯಾಗಿತ್ತೆಂದರೆ ಅತ್ತಿಗೆ ಒಂದನ್ನು ಮುರಿದು, ಇನ್ನೊಂದನ್ನು ಮುರಿಯಲಾರದೆ, ಮೈಸೂರಿನ ನೀರಿನ ಗುಣವೇ ಬೇರೆ ಎಂದು ನಿಟ್ಟುಸಿರು ಬಿಟ್ಟರು.

ಉಳಿದದ್ದು ಭಾನುವಾರ ಒಂದೇ. ನನ್ನ ಕೊನೆಯ ಅಸ್ತ್ರ ಒಂದು ಚಿತ್ರಪ್ರದರ್ಶನ. ಕಂಕನಾಡಿಯ ಹತ್ತಿರ ಒಂದು ನೂರು ವರ್ಷದ ಮನೆಯನ್ನು ಹಾಗೇ ಉಳಿಸಿಕೊಂಡು, ಒಳಗೆ ಚಿತ್ರಗಳನ್ನು ಇಟ್ಟಿದ್ದಾರೆಂದು ನನ್ನ ಆಫೀಸಿನ ಪ್ರಮೀಳಾ ಹೇಳಿದ್ದಳು. ಗುರುತು ಕೇಳಿದ್ದಕ್ಕೆ, "ಹಳೆ ಐಸ್ ಫ್ಯಾಕ್ಟರಿ ಉಂಟಲ್ಲ, ಅದರ ಹಿಂದೆ ಮಾರಾಯ್ತಿ" ಎಂದಿದ್ದಳು.

ಇಲ್ಲಿ ನಮ್ಮೂರಿನ ಒಂದು ಪದ್ಧತಿಯನ್ನು ಅರಿಕೆ ಮಾಡಿಕೊಳ್ಳಬೇಕು. ದಾರಿ ಹೇಳುವಾಗ ನಾವು ಕಣ್ಣಿಗೆ ಕಾಣುವ ಗುರುತನ್ನು ಹೇಳುವುದಿಲ್ಲ. ಕೆಡವಿ ಹೋದ ಟಾಕೀಸು, ಮುಚ್ಚಿಹೋದ ಹೆಂಚಿನ ಕಾರ್ಖಾನೆ, ಕಡಿದ ಮಾವಿನ ಮರ, ಇವೇ ನಮ್ಮ ಗುರುತುಗಳು. ಇದ್ದಾಗ ಯಾರೂ ತಿರುಗಿ ನೋಡದ ಕಟ್ಟಡ ಬಿದ್ದ ಮೇಲೆ ಊರಿಗೆಲ್ಲ ದಾರಿ ತೋರಿಸುತ್ತದೆ. ಹಾಗಾಗಿ ನಾನು ಅತ್ತಿಗೆ ಮತ್ತು ನಮ್ಮವರೊಂದಿಗೆ ಧೈರ್ಯದಿಂದ ರಿಕ್ಷಾ ಹತ್ತಿ, ಹಳೆ ಐಸ್ ಫ್ಯಾಕ್ಟರಿ ಎಂದೆ. ರಿಕ್ಷಾದವರು ಹಿಂತಿರುಗಿ ನೋಡಿದರು.

"ಐಸ್ ಫ್ಯಾಕ್ಟರಿ ಎರಡಿತ್ತು ಅಕ್ಕ. ಎರಡೂ ಈಗ ಇಲ್ಲ. ನಿಮಗೆ ಯಾವುದು?"

ಅತ್ತಿಗೆ ನನ್ನ ಮುಖ ನೋಡಿದರು. ಅವರ ಮುಂದೆ ಪ್ರಮೀಳಾಗೆ ಫೋನು ಮಾಡಿ ಕೇಳುವುದೆಂದರೆ ಸೋಲನ್ನು ಬರೆದು ಸಹಿ ಹಾಕಿ ಕೊಟ್ಟಂತೆ. ಮೊದಲನೆಯದು ಎಂದೆ.

ಇಳಿದ ಜಾಗದಲ್ಲಿ ಹೆಂಚಿನ ಮಾಡಿನ ದೊಡ್ಡ ಮನೆ ಇತ್ತು. ಗೇಟು ತೆರೆದಿತ್ತು. ಮೆಟ್ಟಿಲ ಕೆಳಗೆ ರಾಶಿ ಚಪ್ಪಲಿ. ಪ್ರದರ್ಶನಕ್ಕೆ ಒಳ್ಳೆಯ ಜನ ಸೇರಿದ್ದಾರೆ ಎಂದು ಹಿಗ್ಗಿ ಒಳಗೆ ನುಗ್ಗಿದೆ. ಬಾಗಿಲಲ್ಲಿದ್ದ, ತಲೆಗೆ ಸೆರಗು ಹೊದ್ದ ಹೆಂಗಸೊಬ್ಬಳು ಬನ್ನಿ ಬನ್ನಿ ಎಂದು ಸ್ವಾಗತಿಸಿ ಒಳಗೆ ಹೋದಳು. ಎಂಥ ಶಿಸ್ತು ಎಂದು ಅತ್ತಿಗೆಗೆ ಹೇಳಿದೆ. ಕೆತ್ತನೆಯ ಬಾಗಿಲು ತೋರಿಸಿದೆ. ಮರದ ಪೆಟ್ಟಿಗೆ ತೋರಿಸಿದೆ. ಗೋಡೆಯ ಮೇಲೆ ಹಸಿರು ಕಂದು ಬಣ್ಣದಲ್ಲಿ ಹರಡಿದ್ದ ದೊಡ್ಡ ಚಿತ್ರದ ಮುಂದೆ ನಿಂತು, ಇದು ನವ್ಯಕಲೆ, ಕಡಲಿನ ದುಗುಡವನ್ನು ಹೇಳುತ್ತದೆ ಎಂದೆ. ಅತ್ತಿಗೆ ಮೊದಲ ಸಲ ತಲೆದೂಗಿದರು. ನನಗೆ ರೆಕ್ಕೆ ಬಂತು.

ಆಗ ಒಬ್ಬ ವೃದ್ಧೆ ಕೋಲೂರಿಕೊಂಡು ಬಂದು ಮೂಲೆಯಲ್ಲಿದ್ದ ಹಳೆಯ ಆರಾಮ ಕುರ್ಚಿಯಲ್ಲಿ ಕುಳಿತರು. ನಾನು ಆಗಷ್ಟೇ ಅತ್ತಿಗೆಯನ್ನು ಅದರಲ್ಲಿ ಕೂರದಂತೆ ತಡೆದಿದ್ದೆ.

"ಅಮ್ಮ, ಅದರಲ್ಲಿ ಕೂತುಕೊಳ್ಬಾರದು. ನೋಡ್ಲಿಕ್ಕೆ ಇಟ್ಟದ್ದು ಅದು" ಎಂದೆ.

ಅವರು ಕುರ್ಚಿಯನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಎದ್ದು ಬೆಂಚಿನ ಮೇಲೆ ಕುಳಿತರು. ಅಷ್ಟರಲ್ಲಿ ಸೆರಗಿನ ಹೆಂಗಸು ತಟ್ಟೆ ತುಂಬ ಕಲ್ತಪ್ಪ ಮತ್ತು ಲೋಟಗಳಲ್ಲಿ ಚಹಾ ತಂದಳು. ಅಕ್ಕಿ, ಬೆಲ್ಲ, ತೆಂಗಿನಕಾಯಿಯ ಘಮ ಮೂಗಿಗೆ ಬಡಿಯಿತು. ನಾವು ಮೂವರೂ ತಲಾ ಎರಡು ತುಂಡು ತಿಂದೆವು. ಅತ್ತಿಗೆ ಮೂರನೆಯದಕ್ಕೆ ಕೈ ಹಾಕಿದಾಗ ನಾನು ವ್ಯವಹಾರ ಮಾತಾಡಿದೆ.

"ತಿಂಡಿ ಟಿಕೆಟಿನೊಳಗೇ ಬರ್ತದಾ, ಬೇರೆ ಉಂಟಾ?"

"ಟಿಕೆಟಾ? ನೀವು ನಮ್ಮ ಸಲೀಮನ ಹಳೇ ಆಫೀಸಿನವರಲ್ವಾ?" ಎಂದಳು ಆಕೆ.

ಪ್ರದರ್ಶನದ ಮನೆ ಎರಡನೇ ಐಸ್ ಫ್ಯಾಕ್ಟರಿಯ ಹಿಂದೆ ಇತ್ತು. ಇದು ಆಸಿಯಮ್ಮನವರ ಮನೆ. ಮಗ ಸಲೀಂ ದುಬೈಯಿಂದ ಬಂದಿದ್ದನೆಂದು ನೆಂಟರೆಲ್ಲ ಒಳಮನೆಯಲ್ಲಿ ಸೇರಿದ್ದರು. ಬೆಂಚಿನ ಮೇಲೆ ಕುಳಿತಿದ್ದವರೇ ಆಸಿಯಮ್ಮ. ಆ ಕುರ್ಚಿ ಅವರ ಗಂಡನದ್ದು. ಕಡಲಿನ ದುಗುಡ, ಹೋದ ಮಳೆಗಾಲದಲ್ಲಿ ಹೆಂಚು ಒಡೆದು ಇಳಿದ ನೀರಿನ ಕಲೆ!

ಭೂಮಿ ಬಾಯಿ ಬಿಡಲಿಲ್ಲ. ನಾನು ಕೈ ಮುಗಿದು, ನಮ್ಮನ್ನು ಯಾರೆಂದು ಮೊದಲೇ ಕೇಳಬಾರದಿತ್ತೇ ಎಂದು ತೊದಲಿದೆ.

"ಬಂದವರು ಬಾಯಿಗೆ ಎಂತಾದ್ರೂ ಹಾಕುವ ಮೊದಲು ಯಾರು ಅಂತ ಕೇಳುವ ಕ್ರಮ ನಮ್ಮಲ್ಲಿ ಇಲ್ಲಮ್ಮ" ಎಂದರು ಆಸಿಯಮ್ಮ. "ಕುರ್ಚಿಯಿಂದ ಏಳಿ ಅಂದ್ರಿ. ಅದರ ಕಾಲು ಮುರಿದಿರ್ಬೇಕು ಅಂತ ಎದ್ದೆ."

ಅತ್ತಿಗೆ ನಗತೊಡಗಿದರು. ಆ ಮುಖ್ಯೋಪಾಧ್ಯಾಯಿನಿ ಕಣ್ಣಲ್ಲಿ ನೀರು ಬರುವಂತೆ ನಕ್ಕದ್ದನ್ನು ನಾನು ಅಂದೇ ನೋಡಿದ್ದು. ಆಮೇಲೆ ಆಸಿಯಮ್ಮನ ಪಕ್ಕ ಬೆಂಚಿನ ಮೇಲೆ ಕುಳಿತವರು ಎರಡು ಗಂಟೆ ಏಳಲಿಲ್ಲ. ಆಸಿಯಮ್ಮನ ಮಾವನವರು ಹಾಯಿದೋಣಿಯಲ್ಲಿ ಹೆಂಚು ಸಾಗಿಸಿದ್ದು, ಬಾಗಿಲಿನ ಮರ ಬಂದ ಕತೆ, ಇಬ್ಬರ ಮಂಡಿನೋವು, ಎಲ್ಲ ಆಯಿತು. ನಾನು ಎರಡು ದಿನ ಬೆವರು ಸುರಿಸಿ ತೋರಿಸಲಾಗದ ಊರನ್ನು ಆಸಿಯಮ್ಮ ಕೂತಲ್ಲೇ ತೋರಿಸಿದರು. ನನಗೆ ನಾಚಿಕೆಯೂ ಆಯಿತು, ಹೊಟ್ಟೆ ತುಂಬಿದಂತೆಯೂ ಆಯಿತು.

ಸಂಜೆ ರೈಲ್ವೆ ಸ್ಟೇಷನ್ನಿನಲ್ಲಿ ಅತ್ತಿಗೆ ತೀರ್ಪು ಹೇಳಿದರು. ತಮ್ಮ ಮೈಸೂರಿಗೆ ಬರುವುದು ಬೇಡ ಎಂದರು. ನನಗೆ ಪ್ಲಾಟ್‌ಫಾರ್ಮಿನಲ್ಲೇ ಕುಣಿಯಬೇಕೆನಿಸಿತು.

"ಮೂವತ್ತು ವರ್ಷದಿಂದ ನಮ್ಮ ಬೀದೀಲಿದೀನಿ. ಬಾಗಿಲು ತೆಗೆದು ಬಾ ಅಂತ ಕರೆದವರು ಒಬ್ಬರಿಲ್ಲ" ಎಂದು ಅವರು ಮೆಲ್ಲಗೆ ಹೇಳಿದರು. ಅವರ ಕೈ ಹಿಡಿದುಕೊಂಡೆ. ಆಗಲೇ ಅವರು ವಾಕ್ಯ ಮುಗಿಸಿದ್ದು.

"ಅದಕ್ಕೇ ನಾನೇ ಇಲ್ಲಿಗೆ ಬಂದ್ಬಿಡ್ತೀನಿ. ನಿಮ್ಮೆದುರು ಮನೆ ಬಾಡಿಗೆಗಿದೆ ಅಂತ ಬೋರ್ಡು ನೋಡ್ದೆ."

ಅತ್ತಿಗೆ ಬಂದು ಆರು ತಿಂಗಳಾಯಿತು. ಆಸಿಯಮ್ಮನ ಮನೆಗೆ ಹೋಗುವಾಗ ತಾವು ಕಣ್ಣಲ್ಲೂ ಕಾಣದ ಐಸ್ ಫ್ಯಾಕ್ಟರಿಯ ಗುರುತನ್ನು ರಿಕ್ಷಾದವರಿಗೆ ತಾವೇ ಹೇಳುತ್ತಾರೆ, ಮೊದಲನೆಯದು ಎಂದು ಒತ್ತಿ. ಕದ್ರಿ ಪಾರ್ಕಿನಲ್ಲಿ ನನ್ನ ಗೆಳತಿಯರ ನಡುವೆ ನಡೆಯುತ್ತಾರೆ. ತುಳು ಕಲಿಯುತ್ತಿರುವುದರಿಂದ ಯಾರನ್ನೂ ಆಡಿಕೊಳ್ಳುವಂತಿಲ್ಲ. ಮೈಸೂರಿನಿಂದ ಅವರ ಹಳೆಯ ಸಹೋದ್ಯೋಗಿಗಳು ಊರು ನೋಡಲು ಬರುತ್ತಿರುತ್ತಾರೆ. ಅವರಿಗೆಲ್ಲ ಅತ್ತಿಗೆಯೇ ಗೈಡು. ಹೋದ ವಾರ ಬಂದವರಿಗೆ ನನ್ನ ಪರಿಚಯ ಮಾಡಿಕೊಟ್ಟರು.

"ಇವಳು ನನ್ನ ತಮ್ಮನ ಹೆಂಡತಿ. ಹುಟ್ಟಿದ್ದು ಬೆಳೆದದ್ದು ಎಲ್ಲಾ ಇಲ್ಲೇ. ಊರು ಅಷ್ಟಾಗಿ ಗೊತ್ತಿಲ್ಲ, ಪಾಪ."